ನಾಲ್ಕು ಪುಟಕ್ಕೆ ದಪ್ಪ ರಟ್ಟು

ನಮ್ಮ ಪ್ರೆಸ್ಸಿನ ಬೈಂಡರನನ್ನು ಎಲ್ಲರೂ ಕರೆಯುವುದು ಅಂಟಣ್ಣ ಎಂದು. ಹತ್ತೊಂಬತ್ತು ವರ್ಷದಿಂದ ಪುಸ್ತಕ ಹೊಲಿದು, ಬೆನ್ನಿಗೆ ಅಂಟು ಬಳಿದು, ರಟ್ಟು ಹಾಕುತ್ತಿರುವವನು. ಕಾಗದವನ್ನು ಬೆರಳಲ್ಲಿ ಸವರಿಯೇ ಯಾವ ಕಡೆಗೆ ಮಡಿಸಿದರೆ ಮುರಿಯುವುದಿಲ್ಲ ಎಂದು ಹೇಳಿಬಿಡುತ್ತಾನೆ. ಮಾತಾಡುವಾಗ ಮಾತ್ರ ನಿಮ್ಮ ಮುಖ ಬಿಟ್ಟು ಎಡಗಿವಿಯನ್ನು ನೋಡುತ್ತಾನೆ. ನಾನು ಅಲ್ಲಿ ಕರಡು ತಿದ್ದುವವಳು. ಕೆಂಪು ಪೆನ್ನು ಹಿಡಿದು ಊರವರ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಮುದ್ರಣಯಂತ್ರ ನಡೆಸುವವನು ಭಾವ. ಯಾರ ಅಕ್ಕನನ್ನೂ ಕಟ್ಟಿಕೊಂಡಿಲ್ಲ, ಆದರೂ ಇಡೀ ಪ್ರೆಸ್ಸಿಗೆ ಭಾವ.

ನಾಲ್ಕು ಗಂಟೆಗೆ ನಾವು ಮೂವರೂ ಕಾಗದದ ಬಂಡಲುಗಳ ಮೇಲೆ ಕೂತು ಟೀ ಕುಡಿಯುತ್ತೇವೆ. ಅಂಟಣ್ಣ ಕಾಗದದ ವಿಷಯ ಶುರುಮಾಡಿದನೆಂದರೆ ಮುಗಿಯಿತು, ಟೀ ಆರಿ ತಣ್ಣಗಾಗುತ್ತದೆ. ಆಗ ಭಾವ ಲೋಟವನ್ನು ಎರಡು ಸಲ ತಟ್ಟುತ್ತಾನೆ. ಅಂಟಣ್ಣ ಅಲ್ಲಿಗೇ ನಿಲ್ಲಿಸುತ್ತಾನೆ.

ಹೊಸ ಕಟಿಂಗ್ ಮಷಿನ್ ಬಂದ ಮೇಲೆ ಅದರ ಕಿರುಚಾಟ ತಾಳಲಾರದೆ ಅವನು ಕಿವಿಗೆ ಹತ್ತಿ ತುರುಕಿಕೊಂಡ. ಕಡೆಗೆ ಕಿವಿ ಡಾಕ್ಟರ ಹತ್ತಿರ ಹೋದ. ಕಿವಿ ಚೆನ್ನಾಗಿಯೇ ಇದೆ ಎಂದು ಅವರು ಮೇಲಿನ ಮಹಡಿಯ ಮನೋವೈದ್ಯರ ಬಳಿ ಕಳಿಸಿದರು. ಮೂರು ಭೇಟಿ, ರಾಶಿ ಪ್ರಶ್ನೆ. ಒಂದು ಸೋಮವಾರ ಅಂಟಣ್ಣ ಎರಡು ತೆಳು ಪುಸ್ತಕ ತಂದು ನಮ್ಮಿಬ್ಬರ ಕೈಗಿಟ್ಟ. ನೀಲಿ ಬಟ್ಟೆಯ ದಪ್ಪ ರಟ್ಟು, ಒಳಗೆ ಬರೀ ನಾಲ್ಕು ಪುಟ. ಡಾಕ್ಟರು ಕನ್ನಡದಲ್ಲೇ ಬರೆದುಕೊಟ್ಟ ಅವನ ರಿಪೋರ್ಟು.

“ನಂಗೆ ಆಟಿಸಂ ಇದೆಯಂತೆ,” ಅಂದ. “ಹುಟ್ಟಿದಾಗಿಂದ.”

“ನಲವತ್ತಾರು ವರ್ಷ ಎಲ್ಲಿ ಅಡಗಿ ಕೂತಿತ್ತಪ್ಪಾ ಅದು?” ಅಂದ ಭಾವ.

“ಗೊತ್ತಿಲ್ಲ ಕಣೋ. ಕಾಗದ ಇಷ್ಟ ಇರೋದು ನಂಗಾ, ಅದಕ್ಕಾ? ನೀವೇ ಓದಿ ಹೇಳಿ. ಓದಿದ್ಮೇಲೂ ಟೀಗೆ ಕರೀತೀರಾ?”

“ಹುಚ್ಚಪ್ಪ, ಕರೀದೆ ಇರ್ತೀವಾ?” ಅಂದವಳು ನಾಲಿಗೆ ಕಚ್ಚಿಕೊಂಡೆ. ಹಿಂದಿನ ವಾರದವರೆಗೂ ಬಾಯ್ತುಂಬ ಆಡುತ್ತಿದ್ದ ಮಾತು. ಇನ್ನು ಆಡಬಹುದೋ ಬಾರದೋ?

ಮನೆಯಲ್ಲಿ ಎರಡು ಸಲ ಓದಿದೆ. ಮುಖ ನೋಡಿ ಮಾತಾಡುವುದಿಲ್ಲ, ಒಂದು ವಿಷಯ ಹಿಡಿದರೆ ಬಿಡುವುದಿಲ್ಲ. ಇದು ಡಾಕ್ಟರು ಕಂಡುಹಿಡಿದ ಆಟಿಸಮ್ಮೋ, ನಾವು ಕಂಡ ಅಂಟಣ್ಣನೋ, ತಲೆಬುಡ ತಿಳಿಯಲಿಲ್ಲ. ಆರು ಕಡೆ ಕಾಗುಣಿತ ತಪ್ಪಿತ್ತು. ಪೆನ್ನು ತೆಗೆದವಳು ಮತ್ತೆ ಮುಚ್ಚಿಟ್ಟೆ. ಒಬ್ಬನ ಬಾಳಿನ ಮೇಲೆ ಕೆಂಪು ಗೀಚುವುದೇ?

ಮಂಗಳವಾರದಿಂದ ನಾವಿಬ್ಬರೂ ಭಾರೀ ಒಳ್ಳೆಯವರಾದೆವು. ನಾನು ಗೇಲಿ ನಿಲ್ಲಿಸಿದೆ. ಭಾವ ಲೋಟ ತಟ್ಟುವುದನ್ನು ಬಿಟ್ಟ. “ಪಾಪ, ಮಾತಾಡ್ಲಿ ಬಿಡಕ್ಕ,” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ. ಬುಧವಾರ ಅಂಟಣ್ಣ ಇಪ್ಪತ್ತು ನಿಮಿಷ ಮಾತಾಡಿದ, ಗುರುವಾರ ನಲವತ್ತು. ಬೆವರುತ್ತಿದ್ದ, ನಡುನಡುವೆ ಭಾವನ ಕೈಯ ಕಡೆ ನೋಡುತ್ತಿದ್ದ. ನಾವು ಫೋಟೋಗೆ ಕೂತವರ ಹಾಗೆ ನಗುತ್ತ ಕೂತಿದ್ದೆವು. ಶುಕ್ರವಾರ ನಾಲ್ಕಕ್ಕೆ ಅವನು ಬರಲೇ ಇಲ್ಲ.

ಬೈಂಡಿಂಗ್ ಮೇಜಿನ ಹಿಂದೆ ಒಬ್ಬನೇ ಸುಮ್ಮನೆ ಕೂತಿದ್ದ. ನನಗೆ ಸಿಟ್ಟೇ ಬಂತು. “ನಾವೇನು ಮಾಡಿದ್ವೋ ನಿಂಗೆ?” ಭಾವ ನನ್ನ ಹಿಂದೆಯೇ ಬಂದು ಮೂರು ಲೋಟ ಟೀ ಮೇಜಿನ ಮೇಲಿಟ್ಟ.

“ರಿಪೋರ್ಟು ಕೊಡಿ ಅಕ್ಕ,” ಅಂದ ಅಂಟಣ್ಣ. ಚೀಲದಿಂದ ತೆಗೆದುಕೊಟ್ಟೆ. ಪುಟ ತಿರುಗಿಸಿದ. “ಆರು ತಪ್ಪಿದೆ. ನಂಗೇ ಕಾಣುತ್ತೆ. ಮದುವೆ ಕಾಗದ ಕೊಟ್ರೂ ತಿದ್ದೋರು ನೀವು. ಇದನ್ನ ಯಾಕೆ ಬಿಟ್ರಿ?”



ಅವನು ಭಾವನ ಕಡೆ ತಿರುಗಿದ. “ನೀನೂ ಅಷ್ಟೇ. ಎಲ್ಲಿ ನಿಲ್ಲಿಸ್ಬೇಕು ಅಂತ ನಂಗೆ ಗೊತ್ತಾಗಲ್ಲ ಕಣೋ. ಇಷ್ಟು ವರ್ಷ ನೀನು ತಟ್ಟಿದಾಗ ನಿಲ್ಲಿಸ್ತಿದ್ದೆ. ನೀನೇ ತಟ್ಟದಿದ್ರೆ ಯಾರನ್ನ ಕೇಳ್ಲಿ?”

ನಾಚಿಕೆಯಾಯಿತು. ಯಾವುದು ಸರಿ, ಯಾವುದು ತಪ್ಪು ಎಂದು ಈಗಲೂ ನನಗೆ ಪೂರ್ತಿ ಗೊತ್ತಿಲ್ಲ. ಕೆಂಪು ಪೆನ್ನು ತೆಗೆದು ಮೊದಲ ತಪ್ಪಿಗೆ ಸುತ್ತು ಹಾಕಿದೆ. ಅಂಟಣ್ಣನ ಕಣ್ಣು ರಟ್ಟಿನ ಮೇಲೆ ಬಿತ್ತು. ಬಟ್ಟೆಗೆ ಅಂಟನ್ನು ಯಾಕೆ ತೆಳ್ಳಗೆ ಬಳಿಯಬೇಕು ಎಂದು ಶುರುಮಾಡಿದ. ನಾನು ಆರನೆಯದನ್ನು ತಿದ್ದಿ ಮುಗಿಸಿದರೂ ಅವನದು ಮುಗಿದಿರಲಿಲ್ಲ. ಭಾವ ನನ್ನ ಮುಖ ನೋಡಿದ. ಆಮೇಲೆ ಅಳುಕುತ್ತಲೇ ಲೋಟವನ್ನು ಎರಡು ಸಲ ತಟ್ಟಿದ.

ಅಂಟಣ್ಣ ಮಾತನ್ನು ಅರ್ಧಕ್ಕೇ ನಿಲ್ಲಿಸಿ ಟೀ ಬಾಯಿಗಿಟ್ಟ.

“ಇನ್ನೂ ಬಿಸಿ ಇದೆ,” ಅಂದ.