ಮರಿಯ ಮೇಲೆ ಎಸೆದ ಗಾಳ

ಬೇಸಿಗೆಯಲ್ಲಿ ಕೆರೆಯ ಮೀನು ಗಾಳಕ್ಕೆ ಸಿಗುವುದು ಕಷ್ಟ. ನೀರು ಇಳಿದು ಅರ್ಧವಾಗಿರುತ್ತದೆ. ಉಳಿದದ್ದು ಹತ್ತು ಗಂಟೆಗೆಲ್ಲ ಕಾದುಹೋಗುತ್ತದೆ. ಮೀನು ತಾವರೆಯ ಬುಡಕ್ಕೋ ಜೊಂಡಿನೊಳಕ್ಕೋ ಸೇರಿಕೊಂಡು ಅಲ್ಲಾಡದೆ ಕೂತುಬಿಡುತ್ತದೆ. ಆದರೆ ನಾನು ಪಾಂಡವಪುರದ ಒಂದು ಹೈಸ್ಕೂಲಿನಲ್ಲಿ ಮೇಷ್ಟರು. ನನಗೆ ದೊಡ್ಡ ರಜೆ ಸಿಗುವುದೇ ಬೇಸಿಗೆಯಲ್ಲಿ. ಹಾಗಾಗಿ ನಾನು ಗಾಳ ಹಿಡಿದು ಓಡಾಡಿದ್ದೆಲ್ಲ ಹೆಚ್ಚಾಗಿ ಮೀನು ಸಿಗದ ಕಾಲದಲ್ಲೇ.

ನನಗೆ ಈ ಹುಚ್ಚು ಹಿಡಿಸಿದವರು ಭಾವ, ಅಕ್ಕನ ಗಂಡ. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಸಿಂಧಘಟ್ಟದಿಂದ ಒಂದಷ್ಟು ಒಳಕ್ಕೆ ಹೋದರೆ ಅವರ ಊರು. ಗದ್ದೆ, ಸ್ವಲ್ಪ ಕಬ್ಬು, ನಾಲ್ಕು ಸೀಮೆಹಸು. ಅಕ್ಕ ಹಾಲು ಕರೆದು ಡೇರಿಗೆ ಹಾಕಿ ಬರುವಷ್ಟರಲ್ಲಿ ಅವರು ಊರ ಮುಂದಿನ ಕೆರೆಯ ಏರಿಯ ಮೇಲಿರುತ್ತಿದ್ದರು. ಅದಕ್ಕಾಗಿ ಅಕ್ಕನಿಂದ ಬೈಸಿಕೊಳ್ಳುವುದು ದಿನಾ ಇದ್ದದ್ದೇ. ಅಕ್ಕನ ಮದುವೆಯಾದಾಗ ನಾನಿನ್ನೂ ಕಾಲೇಜು ಹುಡುಗ. ಮದುವೆಯಾದ ತಿಂಗಳಿಗೇ ನನ್ನನ್ನು ಏರಿಯ ಮೇಲೆ ಕರೆದುಕೊಂಡು ಹೋಗಿ ಬಿದಿರುಕಡ್ಡಿ ಕೈಗೆ ಕೊಟ್ಟಿದ್ದರು.

ಗಾಳಕ್ಕೆ ಗಾಣ ಅನ್ನುತ್ತಿದ್ದ ಅವರ ಪಾಠ ಬಹಳ ಸರಳ. ಮೊದಲು ಚಪ್ಪಲಿ ಬಿಡಿಸುತ್ತಿದ್ದರು. “ನೀನು ಧಪಧಪ ಅಂತ ನಡುದ್ರೆ ಮೀನ್ಗೆ ನಿನ್ ಊರು, ಎಸ್ರು ಎಲ್ಲಾ ಗೊತ್ತಾಯ್ತದೆ ಕಣ್ಲಾ” ಅನ್ನುತ್ತಿದ್ದರು. ಗಾಳಿ ಯಾವ ದಡಕ್ಕೆ ತಳ್ಳುತ್ತದೋ ಆ ದಡದಲ್ಲಿ ನಿಲ್ಲಬೇಕು, ಹುಳುಹುಪ್ಪಟೆ ತೇಲಿಕೊಂಡು ಬರುವುದು ಅಲ್ಲಿಗೇ. ನೀರು ಬಗ್ಗಡವಾಗಿದ್ದರೆ ಕಣ್ಣಿಗೆ ಕಾಣುವ ಎರೆಗಿಂತ ಸದ್ದು ಮಾಡುವ ಎರೆ ಮೇಲು. ಬಿಸಿಲಿಗೆ ನೀರು ಕಾದಾಗ ನಡುಗೆರೆಗೆ ಎಸೆದು ಸುಖವಿಲ್ಲ, ತಾವರೆ ಎಲೆಗಳ ನಡುವೆ ತಟ್ಟೆಯಷ್ಟು ಜಾಗ ಇರುತ್ತದಲ್ಲ, ಅಲ್ಲಿ ಇಳಿಬಿಡಬೇಕು.

ನಮ್ಮಿಬ್ಬರಿಗೂ ಇಷ್ಟವಾದದ್ದು ಕುಚ್ಚು ಮೀನು. ಹಾವಿನಂಥ ತಲೆ, ಕಪ್ಪು ಬೆನ್ನು. ಆಗಾಗ ಮೇಲಕ್ಕೆ ಬಂದು ಗಾಳಿ ಕುಡಿದು ಹೋಗುತ್ತದೆ. ಕೆರೆ ಬತ್ತಿ ಕೆಸರಾದರೂ ಜೀವ ಹಿಡಿದುಕೊಂಡಿರುವ ಮೀನು ಅದು. ಕಪ್ಪೆ ಕಂಡರೆ ಎಲೆಯ ಕೆಳಗಿಂದ ಬಂದು ಎಗರುತ್ತದೆ. ಆದರೆ ಎಗರಿದ ಕೂಡಲೇ ನಾವು ಎಳೆದರೆ ಬರಿಗಾಳ ವಾಪಸು ಬರುತ್ತದೆ. “ಮುಳುಗ್ಲಿ. ಒಂದ್ ಸಲ ಉಸ್ರು ಒಳೀಕ್ ತಕೋ, ಆಚೀಕ್ ಬುಡು. ಆಮ್ಯಾಕೆ ಎಳಿ” ಎಂಬುದು ಭಾವನ ಲೆಕ್ಕ. ಆ ಒಂದು ಉಸಿರು ಕಾಯುವುದನ್ನು ಕಲಿಯಲು ನನಗೆ ನಾಲ್ಕೈದು ಬೇಸಿಗೆ ಬೇಕಾಯಿತು.

ವರ್ಷ ಕಳೆದಂತೆ ನನ್ನ ಸಾಮಾನು ಬದಲಾಯಿತು. ಮೈಸೂರಿನಿಂದ ರೀಲು ಇರುವ ಕಡ್ಡಿ ತಂದೆ. ಜೊಂಡಿಗೆ ಸಿಕ್ಕರೂ ಹರಿಯದ ಹೆಣೆದ ದಾರ ತಂದೆ. ರಬ್ಬರಿನ ಕಪ್ಪೆ ತಂದೆ, ಅದರ ಎರಡು ಗಾಳದ ಮುಳ್ಳು ಬೆನ್ನಿಗೆ ಅಂಟಿಕೊಂಡಿರುವುದರಿಂದ ಎಲೆಯ ಮೇಲೆ ಎಳೆದರೂ ತಗಲಿಕೊಳ್ಳುವುದಿಲ್ಲ. ಭಾವ ಆ ಕಪ್ಪೆಯನ್ನು ಅಂಗೈ ಮೇಲಿಟ್ಟುಕೊಂಡು ಅಮುಕಿ ನೋಡಿ, “ಇದ್ಯಾವ್ ಊರ್ ಕಪ್ಪೆ ಮೇಷ್ಟ್ರೇ? ಒಟ್ಟೆ ತುಂಬಾ ಗಾಳಿ ತುಂಬ್ಕಂಡದೆ” ಎಂದು ನಕ್ಕಿದ್ದರು. ಆದರೂ ನಾನು ಅದರಿಂದ ಮೊದಲ ಮೀನು ಹಿಡಿದಾಗ ನನಗಿಂತ ಹೆಚ್ಚು ಖುಷಿಪಟ್ಟವರು ಅವರೇ. ನನ್ನ ಮೊಬೈಲಿನಲ್ಲಿ ಗಾಳ ಹಾಕುವವರ ಒಂದು ಗುಂಪಿತ್ತು. ಮೈಸೂರು, ಮಂಡ್ಯದ ಕಡೆಯವರೆಲ್ಲ ಸೇರಿದ್ದರು. ಒಬ್ಬರು ಹಿಡಿದದ್ದನ್ನು ಇನ್ನೊಬ್ಬರು ನೋಡಿ ಹೊಟ್ಟೆ ಉರಿದುಕೊಳ್ಳುವುದೇ ಅಲ್ಲಿಯ ಕೆಲಸ.

ಆ ವರ್ಷ ಮಳೆ ಕೈಕೊಟ್ಟಿತ್ತು. ಮೇ ತಿಂಗಳ ಹೊತ್ತಿಗೆ ಭಾವನ ಊರಿನ ಕೆರೆಯಲ್ಲಿ ನೀರು ತೂಬಿನ ಹತ್ತಿರ ಮಾತ್ರ ಉಳಿದಿತ್ತು. ಮೂರು ವಾರ ನಾನು ಎಲ್ಲೆಲ್ಲೋ ಅಲೆದೆ. ಕಾಲುವೆ, ಕಟ್ಟೆ, ಲೋಕಪಾವನಿ ಹೊಳೆ, ಎಲ್ಲಿಯೂ ನನ್ನ ಕಪ್ಪೆಯನ್ನು ಒಂದು ಮೀನೂ ಮುಟ್ಟಲಿಲ್ಲ. ಗುಂಪಿನಲ್ಲಿ ಒಬ್ಬ, “ಸಾರ್, ಕಪ್ಪೆಗೆ ಈಜು ಕಲಿಸ್ತಾ ಇದೀರಾ?” ಎಂದು ಬರೆದ. ಐವತ್ತರ ಹತ್ತಿರ ಬಂದಿದ್ದ ನನಗೆ ಆ ಮಾತು ಅಷ್ಟು ಯಾಕೆ ನಾಟಬೇಕಿತ್ತೋ ತಿಳಿಯದು. ನಾಟಿತು.

ಮೇ ಕೊನೆಯಲ್ಲಿ ಎರಡು ದಿನ ಗುಡುಗುಮಳೆ ಬಿತ್ತು. ಭಾವ ಫೋನ್ ಮಾಡಿ, “ಬಾರ್ಲಾ, ಒಂದ್ ಇಸ್ಯ ತೋರುಸ್ತೀನಿ” ಎಂದರು. ನಾನು ಚಿನಕುರಳಿಯ ದಾರಿಯಲ್ಲಿ ಬೈಕು ಬಿಟ್ಟುಕೊಂಡು ಹೋದೆ. ತೂಬಿನಿಂದಾಚೆ ತಾವರೆ ದಟ್ಟವಾಗಿದ್ದ ಮೂಲೆಗೆ ಕರೆದುಕೊಂಡು ಹೋಗಿ ಕೂರಿಸಿದರು. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಕೆಂಪು ಬಟ್ಟೆಯೊಂದು ತೇಲಿ ಬಂದ ಹಾಗೆ ಕಂಡಿತು. ಬಟ್ಟೆಯಲ್ಲ, ಕುಚ್ಚು ಮೀನಿನ ಮರಿಗಳು. ನೂರಾರು ಮರಿ ಒಟ್ಟಿಗೆ ಮೇಲಕ್ಕೆ ಬಂದು ಬುಳುಬುಳು ಗಾಳಿ ಕುಡಿದು ಒಟ್ಟಿಗೆ ಕೆಳಗಿಳಿದವು. ಅವುಗಳ ಕೆಳಗೆ ಎರಡು ಕಪ್ಪು ಬೆನ್ನು ಮೆಲ್ಲಗೆ ಸುತ್ತು ಹಾಕುತ್ತಿದ್ದವು.

“ಗಂಡು ಎಣ್ಣು ಎರಡೂ ಕಾಯ್ತಾವೆ” ಎಂದರು ಭಾವ. “ಈಗ ಇವು ಏನೂ ತಿನ್ನಾಕಿಲ್ಲ. ಆದ್ರೆ ಮರಿ ಮ್ಯಾಕೆ ಏನಾನ ಬಿದ್ರೆ ಸುಮ್ಕಿರಾಕಿಲ್ಲ, ಕಚ್ಬುಡ್ತವೆ. ಅದ್ಕೇಯ ನಮ್ಮಪ್ಪ ಏಳೋನು, ಮರಿ ಮ್ಯಾಲಿರೋ ಮೀನ್ಗೆ ಗಾಣ ಆಕ್ಬ್ಯಾಡ ಅಂತ. ಈ ಕೆರೇಲಿ ಉಳ್ದಿರೋದು ಇವೇಯ. ನಮ್ಮಿಬ್ರಲ್ಲೇ ಇರ್ಲಿ.”

“ಆಯ್ತು ಭಾವ” ಎಂದೆ.

ನಾನು ಅಲ್ಲೇ ಉಳಿದುಕೊಂಡಿದ್ದೆ. ಮೂರನೇ ದಿನ ಭಾವ, ಅಕ್ಕ ನಾಗಮಂಗಲದ ಕಡೆ ಒಂದು ನಿಶ್ಚಿತಾರ್ಥಕ್ಕೆ ಹೋಗಬೇಕಿತ್ತು. ಹಸು ನೋಡಿಕೊಳ್ಳಲು ನನ್ನನ್ನೇ ಮನೆಯಲ್ಲಿ ಬಿಟ್ಟು ಹೋದರು. ಬಸ್ಸು ಹತ್ತುವ ಮುಂಚೆ ಅಕ್ಕ, “ಅಸ ಕಟ್ಟಾಕ್ಬುಟ್ಟು ಕೆರೆ ತಾವ್ ಓಗ್ಬ್ಯಾಡ ಕಣಪ್ಪ” ಎಂದು ತಮಾಷೆ ಮಾಡಿದಳು.

ನಾನು ಹಸುಗಳಿಗೆ ಹುಲ್ಲು ಹಾಕಿ ಹೋದೆ. ಬರೀ ನೋಡಿ ಬರೋಣ ಎಂದುಕೊಂಡು ಹೋದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಕಡ್ಡಿ ಕೈಯಲ್ಲೇ ಇತ್ತು, ಚಪ್ಪಲಿಯನ್ನು ಏರಿಯ ಕೆಳಗೇ ಬಿಟ್ಟಿದ್ದೆ. ಮರಿಗಳ ಹಿಂಡು ಮೇಲೆ ಬಂದಾಗ ಅದರಿಂದ ಒಂದು ಮಾರು ಆಚೆಗೆ ಕಪ್ಪೆ ಎಸೆದು ಹಿಂಡಿನ ಮೇಲೆ ಎಳೆದೆ. ಎರಡನೇ ಸಲಕ್ಕೆ ನೀರು ಸಿಡಿಯಿತು. ಒಂದು ಉಸಿರು ಕಾದೆ. ಎಳೆದೆ. ಮೀನು ಮೂರು ಕೆ.ಜಿ. ಮೇಲಿತ್ತು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಒಂದಾದರೂ ಉಳಿದಿದ್ದರೆ ಮರಿಗಳು ಬದುಕುತ್ತಿದ್ದವೋ ಏನೋ. ಇನ್ನೊಂದು ಅಲ್ಲೇ ಸುತ್ತುತ್ತಿತ್ತು, ಮೊದಲಿಗಿಂತ ಜೋರಾಗಿ. ಕಪ್ಪೆ ನೀರಿಗೆ ಬಿದ್ದ ಕೂಡಲೇ ಅದು ಬಂದು ಕಚ್ಚಿತು. ನಾನು ಏನೂ ಮಾಡಬೇಕಾಗಲಿಲ್ಲ.

ಎರಡನ್ನೂ ದಡದಲ್ಲಿ ತಾವರೆ ಎಲೆಯ ಮೇಲಿಟ್ಟು ತಿರುಗಿ ನೋಡಿದಾಗ ಹಿಂಡು ಚೆದುರಿತ್ತು. ಕೆಂಪು ಚುಕ್ಕೆಗಳು ಎಲೆಗಳ ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ಮೇಲೆ ಬರುತ್ತಿದ್ದವು. ಜಿಲೇಬಿ ಮೀನುಗಳು ಎಲ್ಲಿದ್ದವೋ, ಬಂದು ಒಂದೊಂದನ್ನೇ ಆರಿಸಿ ತಿನ್ನತೊಡಗಿದವು. ತೂಬಿನ ಕಲ್ಲಿನ ಮೇಲಿಂದ ಒಂದು ಮಿಂಚುಳ್ಳಿ ಧುಮುಕಿತು, ಮತ್ತೆ ಧುಮುಕಿತು. ನಾನು ಒಂದು ಮಣ್ಣುಹೆಂಟೆ ಎತ್ತಿ ಎಸೆದೆ. ಹಕ್ಕಿ ಎದ್ದು ಹೋಯಿತು. ನೀರಿನೊಳಗೆ ನಡೆಯುತ್ತಿದ್ದುದಕ್ಕೆ ಏನು ಎಸೆಯುವುದು?

ಆದರೂ ಮೊಬೈಲನ್ನು ಕಲ್ಲಿಗೆ ಒರಗಿಸಿ, ಟೈಮರ್ ಇಟ್ಟು ಫೋಟೋ ತೆಗೆದೆ. ಮುಖ ಬರದ ಹಾಗೆ, ಎರಡು ಕೈಯಲ್ಲಿ ಎರಡು ಮೀನು. ಗುಂಪಿಗೆ ಹಾಕಿದೆ. ಹೊಗಳಿಕೆ ಸುರಿಯಿತು. ಎಲ್ಲಿ ಸಾರ್ ಎಂದು ಕೇಳಿದವರಿಗೆ ಸಿಂಧಘಟ್ಟದ ಹತ್ತಿರ ಎಂದೆ. ಒಬ್ಬ ಮತ್ತೂ ಕೇಳಿದ್ದಕ್ಕೆ ದಾರಿಯನ್ನೂ ಬರೆದೆ. ಮೀನುಗಳನ್ನು ರಸ್ತೆಯಲ್ಲಿ ಹೋಗುತ್ತಿದ್ದ ಬೇರೆ ಊರಿನವನೊಬ್ಬನಿಗೆ ಕೊಟ್ಟುಬಿಟ್ಟೆ. ಸಂಜೆ ಬಂದ ಭಾವ, “ಕೆರೆ ತಾವ ಓಗಿದ್ದಾ?” ಎಂದಾಗ, “ಇಲ್ಲ ಭಾವ, ಹಸು ಇದ್ವಲ್ಲ” ಎಂದೆ.

ಮುಂದಿನ ಭಾನುವಾರ ಭಾವ ಫೋನ್ ಮಾಡಿ ಬೇಗ ಬಾ ಎಂದರು. ಹೋಗಿ ನೋಡಿದರೆ ಏರಿಯ ಮೇಲೆ ಹತ್ತು ಹದಿನೈದು ಬೈಕು, ಎರಡು ಕಾರು. ತಾವರೆಯ ಮೂಲೆಯಲ್ಲಿ ಮೊಳಕಾಲುದ್ದ ನೀರಿಗೆ ಇಳಿದು ಜನ ಗಾಳ ಬೀಸುತ್ತಿದ್ದರು. ಬಳ್ಳಿ ಕಿತ್ತು ದಡಕ್ಕೆ ಹಾಕಿದ್ದರು. ಕೆರೆಯ ಮೀನಿನ ಟೆಂಡರು ಹಿಡಿದಿದ್ದವನು ಏರಿಯ ಮೇಲೆ ಕೂಗಾಡುತ್ತಿದ್ದ. ಊರಿನವನೇ, ಭಾವನಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ಭಾವ ಒಂದು ಕಡ್ಡಿ ಹಿಡಿದು ಕೂರುವುದಕ್ಕೆ ಅವನು ಯಾವತ್ತೂ ಬೇಡವೆಂದವನಲ್ಲ. ಈಗ ಕೈಯಿಂದ ಕೈಗೆ ದಾಟಿ ಬಂದಿದ್ದ ಆ ಫೋಟೋವನ್ನು ಮೊಬೈಲಿನಲ್ಲಿ ಭಾವನ ಮುಖದ ಮುಂದೆ ಹಿಡಿದ.

“ಇದ್ ನೋಡ್ಕಂಡೇ ಬಂದವ್ರೆ ಎಲ್ಲಾರೂವೆ. ಈ ಕೈ ಯಾರ್ದು? ನಮ್ಮೂರೋರ್ಗಲ್ದೆ ಆ ಮೂಲೆ ಇನ್ಯಾರ್ಗ್ ಗೊತ್ತು?”

ಭಾವ ಬಹಳ ಹೊತ್ತು ಆ ಚಿತ್ರ ನೋಡಿದರು. ನನ್ನ ಬಲಗೈಯಲ್ಲಿ ಹಳೆಯ ಗಾಯದ ಗುರುತೊಂದಿದೆ. ಅವರ ಮನೆಯಲ್ಲೇ ಕಬ್ಬು ಸವರುವಾಗ ಆದದ್ದು. ಭಾವ ಕತ್ತೆತ್ತಿ ನನ್ನನ್ನು ನೋಡಿದರು. ನಾನು ನೀರಿನ ಕಡೆ ನೋಡಿದೆ. ಹೇಳಬೇಕಿದ್ದದ್ದು ಒಂದೇ ಮಾತು: ಅದು ನಾನು. ಬಾಯಿಗೆ ಬರಲಿಲ್ಲ. ಅಲ್ಲಿ ನನ್ನ ಶಾಲೆಯಲ್ಲಿ ಓದಿದ ಇಬ್ಬರಿದ್ದರು, ಮೊಬೈಲಿನಲ್ಲಿ ಮಾತ್ರ ನನ್ನನ್ನು ಬಲ್ಲ ಗುಂಪಿನವರಿದ್ದರು. ಅವರೆದುರು ಮೇಷ್ಟರು ತಲೆ ತಗ್ಗಿಸಬೇಕಲ್ಲ ಎಂದು ಸುಮ್ಮನಾದೆ.

“ನನ್ ಕಡೆಯೋರೇ ಕಣಪ್ಪ” ಎಂದರು ಭಾವ. “ಜಾಗ ತೋರ್ಸಿದ್ದು ನಾನೇಯ. ತಪ್ಪಾಯ್ತು.” ಕೈ ಮುಗಿದರು.

“ಇವತ್ತಿಂದ ಈ ಕೆರೇಲಿ ಯಾರೂ ಗಾಣ ಆಕಂಗಿಲ್ಲ” ಎಂದ ಅವನು. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, “ನೀವೂವೆ, ಅಣ್ಣ” ಎಂದ.

ಮನೆಗೆ ಬಂದು ಮುದ್ದೆ ಉಂಡೆವು. ಅಕ್ಕ ಏನಾಯಿತೆಂದು ಕೇಳಿದಳು. “ಯಾರ್ಯಾರೋ ಬಂದಿದ್ರು” ಎಂದಷ್ಟೇ ಹೇಳಿ ಭಾವ ಎದ್ದು ಹೋಗಿ ತಮ್ಮ ಬಿದಿರುಕಡ್ಡಿಗೆ ದಾರ ಸುತ್ತಿ ಅಟ್ಟದ ಮೇಲಿಟ್ಟರು.

ಅದಾದ ಮೇಲೂ ನಾನು ಹಬ್ಬಹರಿದಿನಕ್ಕೆ ಹೋಗುತ್ತಲೇ ಇದ್ದೆ. ಭಾವ ಚೆನ್ನಾಗಿಯೇ ಮಾತಾಡಿಸುತ್ತಿದ್ದರು. ಹಸು, ಡೇರಿಯವರು ಅಳೆಯುವ ಹಾಲಿನ ಡಿಗ್ರಿ, ಕಬ್ಬು ಕಡಿಯಲು ಆಳು ಸಿಗದಿರುವುದು. ಮೀನಿನ ಮಾತು ಮಾತ್ರ ಬರುತ್ತಿರಲಿಲ್ಲ. ಪ್ರತಿ ಸಲ ಬೈಕು ಹತ್ತುವಾಗ ಮುಂದಿನ ಸಲ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಹೀಗೇ ಎರಡು ವರ್ಷ ಹೋಯಿತು.

ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಗತೊಡಗಿತು. ಶ್ರೀರಂಗಪಟ್ಟಣದ ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ತಡವಾಗಿದೆ, ಇರುವಷ್ಟನ್ನು ಉಳಿಸಿಕೊಳ್ಳೋಣ ಎಂದರು ಡಾಕ್ಟರು. ವಾಪಸು ಬರುವಾಗ ಭಾವ ಕರಿಘಟ್ಟಕ್ಕೆ ಹೋಗೋಣವೆಂದರು. ಬೆಟ್ಟ ಹತ್ತಲಿಲ್ಲ. ಕೆಳಗೆ ಲೋಕಪಾವನಿಯ ದಡದಲ್ಲಿ ಒಂದು ಬಂಡೆಯ ಮೇಲೆ ಕೂತೆವು. ಆಚೆ ದಡದಲ್ಲಿ ಯಾರೋ ಗಾಳ ಎಸೆದ ಸದ್ದು ಕೇಳಿಸಿತು.

“ಸೀಸದ್ ಗುಂಡು ಜಾಸ್ತಿ ಕಟ್ಟವ್ನೆ” ಎಂದರು ಭಾವ, ಸದ್ದಿನ ಮೇಲೇ.

ಆಗ ಹೇಳಿದೆ. ಹಸು ಕಟ್ಟಿಹಾಕಿ ಹೋದದ್ದು, ಎರಡು ಮೀನು, ದಾರಿ ಬರೆದದ್ದು, ಎಲ್ಲ.

“ಗೊತ್ತು ಕಣ್ಲಾ. ಆವತ್ತೇ ಗೊತ್ತಾಯ್ತು. ಆ ಕೈಗೆ ಅರಿಸ್ನ ಮೆತ್ತಿ ಬಟ್ಟೆ ಕಟ್ಟಿದ್ದು ನಾನಲ್ವಾ?”

“ಬೈಯ್ಯಬೇಕಿತ್ತು ಭಾವ ನೀವು.”

“ಮೀನ್ಗೇನು, ಯಾರೋ ಒಬ್ರು ಇಡ್ಕತಿದ್ರು. ಅಷ್ಟ್ ದಿನ ಸಿಗ್ದೆ ಇದ್ದೋನು, ಆಸೆ ಬಿದ್ದೆ. ಅದು ನಂಗೂ ಗೊತ್ತಾಯ್ತದೆ.” ಆಚೆ ದಡದ ಕಡೆ ಮುಖ ತಿರುಗಿಸಿದರು. “ಏರಿ ಮ್ಯಾಲೆ ನನ್ ಪಕ್ಕದಲ್ಲೇ ನಿಂತಿದ್ದಲ್ಲ, ಬಾಯಿ ಬುಡ್ತೀಯ, ಬುಡ್ತೀಯ ಅಂತ ನೋಡ್ದೆ. ಅದೊಂದೇಯ.”

ಅವರು ಎದ್ದು ನನ್ನ ಭುಜ ಹಿಡಿದುಕೊಂಡು ಬೈಕಿನ ತನಕ ಬಂದರು.

ಅದೇ ವಾರ ನಾನು ಆ ಟೆಂಡರಿನವನನ್ನು ಹುಡುಕಿಕೊಂಡು ಹೋದೆ. ಅವನು ಕೆರೆಯ ಟೆಂಡರು ಬಿಟ್ಟು ಟ್ರಾಕ್ಟರು ಇಟ್ಟುಕೊಂಡಿದ್ದ. ಆ ಫೋಟೋದಲ್ಲಿದ್ದದ್ದು ನಾನು, ಭಾವನ ತಪ್ಪೇನೂ ಇರಲಿಲ್ಲ ಎಂದೆ. ಅವನು ನೆನಪು ಮಾಡಿಕೊಳ್ಳಲು ನೋಡಿ, “ಯಾವ್ ಫೋಟೋ ಸಾರ್?” ಎಂದ. ನಾನು ಬಿಡಿಸಿ ಹೇಳಿದ ಮೇಲೆ ನಕ್ಕು, “ಅಯ್ಯೋ, ಬುಡಿ ಸಾರ್, ಆವತ್ತು ಏನೋ ಸಿಟ್ನಲ್ಲಿದ್ದೆ. ಅಣ್ಣನ್ನ ಬರಾಕೇಳಿ, ಈಗಿರೋರು ಏನೂ ಅನ್ನಾಕಿಲ್ಲ” ಎಂದ.

ಓಡಿಹೋಗಿ ಭಾವನಿಗೆ ಹೇಳಿದೆ. “ನೀರ್ ಮ್ಯಾಲೆ ಗಾಣದ್ ಬೆಂಡು ಕಾಣಾಕಿಲ್ಲ ಕಣ್ಲಾ ನಂಗೆ. ನೀನೋಗ್ಬುಟ್ಟು ಬಾ” ಎಂದರು. ಅವರು ಕೊಟ್ಟಿಗೆಯಲ್ಲಿದ್ದರು. ಒಂದು ಕೈ ಹಸುವಿನ ಬೆನ್ನ ಮೇಲಿತ್ತು. ನಾನು ಎಷ್ಟು ಕರೆದರೂ ಬರಲಿಲ್ಲ. ಒಬ್ಬನೇ ಹೋದೆ. ಮೋಡ ಕವಿದಿತ್ತು, ನೀರು ತುಂಬಿತ್ತು, ಬೇಸಿಗೆಯ ಯಾವ ಕಷ್ಟವೂ ಇರಲಿಲ್ಲ. ತಾವರೆಯ ಮೂಲೆಯಲ್ಲಿ ಮೂರು ಗಂಟೆ ಎಸೆದೆ, ಎಳೆದೆ. ಏನೂ ಬರಲಿಲ್ಲ. ಮನೆಗೆ ಬಂದಾಗ ಭಾವ ಜಗಲಿಯ ಮೇಲೆ ಕೂತಿದ್ದರು. ಗಾಳಿ ಯಾವ ಕಡೆಯಿಂದ ಇತ್ತು ಎಂದು ಕೇಳಿದರು. ಪಡುವಲಿಂದ ಎಂದೆ. ಹಾಗಾದರೆ ಮೂಡಲ ದಡಕ್ಕೆ ಹೋಗಬೇಕಿತ್ತು ಎಂದು ಹೇಳಿ, ಅಲ್ಲಿ ಯಾವ ಮರದ ಬುಡದಲ್ಲಿ ನಿಲ್ಲಬೇಕು, ಎಷ್ಟು ದೂರಕ್ಕೆ ಎಸೆಯಬೇಕು ಎಂದು ಕೈಯಲ್ಲಿ ತೋರಿಸತೊಡಗಿದರು. ಆ ಮರವನ್ನು ಕಡಿದು ವರ್ಷವಾಗಿತ್ತು. ನಾನು ಅದನ್ನು ಹೇಳದೆ ಹೂಂಗುಟ್ಟುತ್ತಾ ಕೂತೆ.