ಮೇರ್ತಿ ಗುಡ್ಡದ ಮೂರನೆಯ ಕೂಗು

ಇದನ್ನು ಬರೆಯಬೇಕೆಂದುಕೊಂಡು ಎಷ್ಟೋ ವರ್ಷ ಮುಂದೂಡಿದ್ದೇನೆ. ಮನೆಯವರಿಗೆ ಹೇಳಲು ಬಾಯಿ ತೆರೆದು ಬೇರೆ ಮಾತಿಗೆ ಹೊರಳಿದ್ದೂ ಉಂಟು. ದೆವ್ವ, ಚೌಡಿ ಯಾವುದನ್ನೂ ನಾನು ನಂಬಿದವನಲ್ಲ. ಹೈಸ್ಕೂಲು ಮುಗಿಸಿ ಕಳಸದ ಹತ್ತಿರದ ಕಾಫಿ ಎಸ್ಟೇಟೊಂದಕ್ಕೆ ಲೆಕ್ಕ ಬರೆಯುವ ರೈಟರ್ ಆಗಿ ಸೇರಿದಾಗ, ಆಳುಗಳು ಹೇಳುತ್ತಿದ್ದ ಅಂಥ ಕಥೆಗಳಿಗೆ ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದವನು ನಾನೇ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಓದಿದವರು ಏನು ಬೇಕಾದರೂ ಅಂದುಕೊಳ್ಳಲಿ.

ಅದು ಬಿಳಿಯರ ಕಾಲ. ನಮ್ಮ ದೊರೆಗೆ ಬೆಟ್ಟ ಹತ್ತುವ ಹುಚ್ಚು. ಆ ವರ್ಷದ ಕೊಯ್ಲು ಮುಗಿದ ಮೇಲೆ ಹಿಮಾಲಯಕ್ಕೆ ಹೋಗಿ, ಅಲ್ಲಿಯ ಗೈಡ್ ಒಬ್ಬನ ಜೊತೆ ಹಿಮದ ಶಿಖರವೊಂದನ್ನು ಹತ್ತುವುದೆಂದು ನಿಶ್ಚಯಿಸಿದ್ದರು. ಡೇರೆ ನೋಡಿಕೊಳ್ಳಲು, ಹಗ್ಗ ಹಿಡಿಯಲು ಇಲ್ಲಿಂದ ಒಬ್ಬ ಬೇಕಿತ್ತು. ಅದಕ್ಕಾಗಿ ಅವರು ಪಳಗಿಸುತ್ತಿದ್ದದ್ದು ಇಬ್ಬರನ್ನು, ನನ್ನನ್ನು ಮತ್ತು ಎಸ್ಟೇಟಿನ ಲಾರಿ ಡ್ರೈವರನ್ನು. ಹೋಗುವವನು ಒಬ್ಬನೇ.

ಡ್ರೈವರ್ ಮೂಡಿಗೆರೆ ಪೇಟೆಯ ಸಾಬರ ಹುಡುಗ, ನನ್ನದೇ ವಯಸ್ಸು. ಎಸ್ಟೇಟಿನಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನಾನಾಗ ಆಫೀಸಿನ ಹಿಂದಿನ ಕೋಣೆಯಲ್ಲಿ ಒಬ್ಬನೇ ಇದ್ದೆ. ಹೆತ್ತವರು ತೀರಿಕೊಂಡಿದ್ದರು. ದೊರೆಯ ಎದುರು ಕೂರುವಂತಿರಲಿಲ್ಲ, ಆಳುಗಳ ಜೊತೆ ಕೂರಲು ನನಗೇ ಬಿಗುಮಾನ. ಆ ಸೀಮೆಯಲ್ಲಿ ನನ್ನನ್ನು ‘ಮಾರಾಯ’ ಎಂದು ಕರೆಯುತ್ತಿದ್ದವನು ಅವನೊಬ್ಬನೇ. ಆದರೂ ಹಿಮದ ಬೆಟ್ಟಕ್ಕೆ ಅವನಲ್ಲ, ನಾನೇ ಹೋಗಬೇಕೆಂದು ಹಗಲಿರುಳೂ ಹಂಬಲಿಸುತ್ತಿದ್ದೆ. ಹೋಗಿ ಬಂದರೆ ಆಮೇಲಾದರೂ ಜನ ನನ್ನನ್ನು ಹತ್ತಿರ ಕೂರಿಸಿಕೊಂಡು ಮಾತು ಕೇಳಿಯಾರು ಎಂದು ನನ್ನ ಆಸೆ.

ಭಾನುವಾರ ಬಂತೆಂದರೆ ಅಭ್ಯಾಸಕ್ಕೆ ಹತ್ತಿರದ ಮೇರ್ತಿ ಗುಡ್ಡ. ಬೆನ್ನಿಗೆ ಭಾರಕ್ಕೆಂದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಬೀಜ ತುಂಬಿದ ಚೀಲ, ಕಾಲಿಗೆ ಮೊಳೆ ಹೊಡೆದ ಬೂಟು. ಮೂವರ ಸೊಂಟಕ್ಕೂ ಒಂದೇ ಹಗ್ಗ. ಇಳಿದು ಗುಡ್ಡದ ನಡುವೆ ಹಾಕಿದ್ದ ಡೇರೆ ಮುಟ್ಟುವ ತನಕ ಯಾರೂ ಹಗ್ಗ ಬಿಚ್ಚಕೂಡದೆಂಬುದು ದೊರೆಯ ಕಟ್ಟಪ್ಪಣೆ. ಲಾರಿಗೆ ಮೂಟೆ ಬಿಗಿದು ಪಳಗಿದ ಡ್ರೈವರನ ಕೈಗೆ ಗಂಟುಗಳು ಸಲೀಸಾಗಿ ಬರುತ್ತಿದ್ದವು. ನನಗೋ ಬೂಟು ಕಚ್ಚಿ ಹೆಜ್ಜೆ ಇಡುವುದೇ ಕಷ್ಟ.

“ಎಂತ ರೈಟ್ರೇ, ಒಳ್ಳೆ ಮದುಮಗನ ಹಾಗೆ ನಡೀತೀಯಲ್ಲ ಮಾರಾಯ!” ಎಂದು ಅವನು ನಗುತ್ತಿದ್ದ.

ಅವನನ್ನು ನಾನು ಹಂಗಿಸುತ್ತಿದ್ದದ್ದು ಒಂದೇ ವಿಷಯಕ್ಕೆ. ನಮ್ಮ ಕಡೆ ಮಂಜಿನಲ್ಲಿ, ಕಾಡಿನಲ್ಲಿ ಜೊತೆ ತಪ್ಪಿದವರು ಕೂ ಹಾಕುತ್ತಾರೆ, ಕೇಳಿದವರು ಓಗೊಡುತ್ತಾರೆ. ಆದರೆ ಹೊತ್ತು ಮುಳುಗಿದ ಮೇಲೆ ಮೊದಲೆರಡು ಕೂಗಿಗೆ ಓಗೊಡಬಾರದೆಂದು ರೂಢಿ. ಮನುಷ್ಯನಾದರೆ ಮೂರನೆಯ ಸಲವೂ ಕೂಗುತ್ತಾನೆ, ಮತ್ತೊಂದಾದರೆ ಎರಡಕ್ಕೇ ನಿಲ್ಲಿಸುತ್ತದೆ ಎನ್ನುತ್ತಾರೆ. ಡ್ರೈವರ್ ಇದನ್ನು ಗಟ್ಟಿಯಾಗಿ ನಂಬಿದ್ದ.

“ಹಿಮಾಲಯದ ದೆವ್ವಕ್ಕೂ ಮೂರರ ತನಕ ಎಣಿಸೋಕೆ ಬರೋದಿಲ್ವೇನೋ?” ಎಂದು ನಾನು ಕೇಳುತ್ತಿದ್ದೆ.

“ನಗು ಮಾರಾಯ, ನಗು. ನಿಂಗೆ ಕೂಗು ಬಿದ್ದ ದಿನ ನೋಡುವಾ” ಎನ್ನುತ್ತಿದ್ದ.

ಕೊನೆಯ ಅಭ್ಯಾಸದ ದಿನ ದೊರೆಗೆ ಮಂಡಿ ಹಿಡಿದುಕೊಂಡಿತ್ತು. ಅವರು ಡೇರೆಯಲ್ಲೇ ಉಳಿದು ನಮ್ಮಿಬ್ಬರನ್ನು ಮೇಲೆ ಕಳಿಸಿದರು. ಸಂಜೆ, ನೆತ್ತಿಯ ಬಂಡೆಯ ಮೇಲೆ ಕೂತು ಬೆಲ್ಲ ತಿನ್ನುತ್ತಿದ್ದಾಗ ಡ್ರೈವರ್ ತನ್ನ ಪಾಲಿನ ತುಂಡನ್ನೂ ನನ್ನ ಕೈಗಿಟ್ಟ.

“ದೊರೆ ಬೆಳಿಗ್ಗೆ ಹೇಳಿದ್ರು, ನನ್ನನ್ನೇ ಕರ್ಕೊಂಡು ಹೋಗ್ತಾರಂತೆ. ಬೇರೆಯವರ ಬಾಯಲ್ಲಿ ಕೇಳಿ ನಿಂಗೆ ಬೇಜಾರಾಗೋದು ಬೇಡ ಅಂತ ನಾನೇ ಹೇಳ್ದೆ.”

“ಒಳ್ಳೇದಾಯ್ತು ಬಿಡು” ಎಂದೆ. ಅವನು ಕೊಟ್ಟ ತುಂಡನ್ನು ಜೇಬಿಗೆ ಹಾಕಿಕೊಂಡೆ.

ಇಳಿಯುವಾಗ ಹೊತ್ತು ಮುಳುಗಿ ಮಂಜು ಕವಿಯಿತು. ಚಾಚಿದ ಕೈ ಕಾಣದಷ್ಟು ಮಂಜು. “ದಾರಿ ನೋಡಿ ಬರ್ತೀನಿ, ಇಲ್ಲೇ ಇರು” ಎಂದು ನಾನು ಹಗ್ಗ ಬಿಚ್ಚಿದೆ. ಅವನು ಬೇಡವೆಂದ. ಕೇಳಲಿಲ್ಲ. ಆಗ ನನ್ನ ಮನಸ್ಸಿನಲ್ಲಿ ಕೇಡಿತ್ತೋ ಇಲ್ಲವೋ, ಇಂದಿಗೂ ಖಚಿತವಾಗಿ ಹೇಳಲಾರೆ. ಸ್ವಲ್ಪ ಕೆಳಗಿಳಿದ ಮೇಲೆ ಡೇರೆಯ ಲಾಟೀನು ಮಸುಕಾಗಿ ಕಂಡಿತು. ಅದೇ ಹೊತ್ತಿಗೆ ಮೇಲಿನಿಂದ ಅವನ ಕೂ ಕೇಳಿಸಿತು.

ನಾನು ಓಗೊಡಲಿಲ್ಲ.

ಒಂದು ರಾತ್ರಿ ದಾರಿ ತಪ್ಪಲಿ, ಇವನೂ ಅಂಥ ಗಟ್ಟಿಗನಲ್ಲವೆಂದು ದೊರೆಗೆ ತಿಳಿಯಲಿ ಎಂದು ಹಲ್ಲು ಕಚ್ಚಿ ನಿಂತೆ. ಎರಡನೆಯ ಕೂಗು ಬಂತು. ಅದರಲ್ಲಿ ಹೆದರಿಕೆಯಿತ್ತು. ಮೂರನೆಯದಕ್ಕೆ ಓಗೊಟ್ಟರಾಯಿತು, ಹೇಗೂ ರೂಢಿ ಇದೆಯಲ್ಲ ಎಂದು ಅಂದುಕೊಂಡೆ. ಅಷ್ಟು ದಿನ ನಕ್ಕ ರೂಢಿಯ ಮರೆಗೇ ಆ ಹೊತ್ತು ಹೋಗಿ ನಿಂತೆ. ಆದರೆ ಮೂರನೆಯ ಕೂಗು ಬರಲೇ ಇಲ್ಲ. ಬಹಳ ಹೊತ್ತು ಕಾದೆ. ಹುಲ್ಲಿನಿಂದ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಏನೂ ಇಲ್ಲ. ಡೇರೆಗೆ ಹೋಗಿ, ಡ್ರೈವರ್ ಆಚೆ ಮಗ್ಗುಲಿನಿಂದ ಗುಡ್ಡದ ಬುಡದಲ್ಲಿ ನಿಲ್ಲಿಸಿದ್ದ ಲಾರಿಯ ಕಡೆ ಇಳಿದುಹೋದನೆಂದು ದೊರೆಗೆ ಸುಳ್ಳು ಹೇಳಿದೆ. ಅವರು ನಂಬಿದರು. ಮಲಗಿದೆ. ನಿದ್ದೆಯೂ ಬಂತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಬೆಳಿಗ್ಗೆ ಎದ್ದಾಗ ನನಗೆ ಸ್ವರವೇ ಇರಲಿಲ್ಲ. ನೆಗಡಿಯಿಲ್ಲ, ಜ್ವರವಿಲ್ಲ. ರಾತ್ರಿಯೆಲ್ಲ ಕಿರುಚಿದವನ ಹಾಗೆ ಗಂಟಲು ಹರಿದುಹೋಗಿತ್ತು. ನಿದ್ದೆಯಲ್ಲಿ ನಾನೇನಾದರೂ ಕೂಗಿದೆನೇ ಎಂದು ದೊರೆಯನ್ನು ಪಿಸುದನಿಯಲ್ಲಿ ಕೇಳಿದೆ. ಮಂಡಿ ನೋವಿಗೆ ತಾನು ಕಣ್ಣೇ ಮುಚ್ಚಿರಲಿಲ್ಲ, ನೀನು ಮಿಸುಕಲೂ ಇಲ್ಲ ಎಂದರು.

ಡ್ರೈವರ್ ಲಾರಿಯ ಹತ್ತಿರ ಇಲ್ಲದ್ದು ಕಂಡು ಎಸ್ಟೇಟಿನಿಂದ ಆಳುಗಳನ್ನು ಕರೆಸಿ ಹುಡುಕಿದೆವು. ಬಂಡೆಗಳ ನಡುವೆ ಜಾರಿ ಬಿದ್ದಿದ್ದ. ಎಡಗಾಲಿನ ಹರಡು ಮುರಿದಿತ್ತು. ಒಂದು ಮಾರು ಆಚೆಗೆ ತಳ ಕಾಣದ ಕಮರಿ. ನಾನು ಪಿಸುದನಿಯಲ್ಲಿ ಕರೆದದ್ದೇ ನನ್ನೆರಡು ಕೈಗಳನ್ನೂ ಹಿಡಿದುಕೊಂಡ.

“ಎರಡನೇ ಕೂಗಿಗೇ ಓಗೊಟ್ಯಲ್ಲ ಮಾರಾಯ! ಓದಿದವನು ನೀನು, ಹೆದರಲಿಲ್ಲ. ‘ಅಲ್ಲೇ ನಿಲ್ಲು, ಮುಂದೆ ಬರಬೇಡ’ ಅಂತ ನೀನು ಕೂಗದಿದ್ರೆ ಕಾಲು ಮುರಿದ್ರೂ ತೆವಳ್ತಿದ್ದ ನಾನು ಕೆಳಗೆ ಹೋಗಿಬಿಡ್ತಿದ್ದೆ. ನೀನು ರಾತ್ರಿಯಿಡೀ ಓ ಅಂತಿದ್ದೆ. ನಿನ್ನ ಗಂಟಲು ನೋಡು, ಏನಾಗಿದೆ!”

ಸುತ್ತ ನಿಂತ ಆಳುಗಳು ನನ್ನನ್ನು ಮೆಚ್ಚುಗೆಯಿಂದ ನೋಡಿದರು. ನಾನು ರಾತ್ರಿಯಿಡೀ ಮಿಸುಕದ್ದನ್ನು ಕಂಡಿದ್ದ ದೊರೆ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು. ಅಲ್ಲ, ಅದು ನಾನಲ್ಲ ಎನ್ನಬೇಕಿತ್ತು. ಹೇಳಲು ಸ್ವರವಿರಲಿಲ್ಲ ಎಂದು ಬಹಳ ಕಾಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾಲ್ಕು ದಿನಕ್ಕೆ ಸ್ವರ ಬಂತು. ಆಗಲೂ ಹೇಳಲಿಲ್ಲ.

ಪಳಗಿದವನು ಬೇರೆ ಯಾರೂ ಇರಲಿಲ್ಲವಾದ್ದರಿಂದ ಹಿಮಾಲಯಕ್ಕೆ ನಾನೇ ಹೋದೆ. ದೊರೆ ಗೈಡನ ಜೊತೆ ಹಗ್ಗ ಬಿಗಿದುಕೊಂಡು ಮೇಲೆ ಹತ್ತಿದಾಗ ಕೆಳಗಿನ ಡೇರೆಯಲ್ಲಿ ಒಬ್ಬನೇ ಇದ್ದೆ. ಎಲ್ಲಿ ನೋಡಿದರೂ ಬಿಳುಪು. ಒಂದು ಮಧ್ಯಾಹ್ನ ತಡೆಯಲಾರದೆ ಹೊರಗೆ ಬಂದು ಕೂ ಹಾಕಿದೆ, ಒಮ್ಮೆಯಲ್ಲ, ಮೂರು ಸಲ. ಯಾರೂ ಓಗೊಡಲಿಲ್ಲ.

ಹಿಂದಿರುಗಿದಾಗ ಡ್ರೈವರನ ಕಾಲು ಕೂಡಿಕೊಂಡಿತ್ತು, ಆದರೆ ಕ್ಲಚ್ ತುಳಿಯಲು ಆಗುತ್ತಿರಲಿಲ್ಲ. ಕೆಲಸ ಬಿಟ್ಟು ಹೊರನಾಡಿನ ದಾರಿಯಲ್ಲಿ ಸೈಕಲ್ ರಿಪೇರಿಗೆ ಕೂತಿದ್ದ. “ಹಿಮ ಹ್ಯಾಗಿರ್ತದೆ ಹೇಳು, ಉಪ್ಪಿನ ರಾಶಿ ಹಾಗೆ ಇರ್ತದಾ?” ಎಂದು ಕೇಳಿದ. ಹೌದೆಂದೆ. ಅಂಗಡಿಗೆ ಬಂದವರಿಗೆಲ್ಲ ನನ್ನನ್ನು ತೋರಿಸಿ, “ನನ್ನ ಜೀವ ಉಳಿಸಿದವನು ಇವನೇ” ಎನ್ನುತ್ತಿದ್ದ. ಜನ ಜರುಗಿ ಜಾಗ ಕೊಡುತ್ತಿದ್ದರು. ಆ ಮಾತು ಕೇಳಲಾರದೆ ನಾನು ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟೆ. ಕೆಲವು ವರ್ಷಗಳ ಮೇಲೆ ಅವನು ತೀರಿಕೊಂಡದ್ದು ಗೊತ್ತಾದಾಗ ಮಣ್ಣು ಮಾಡಿಯೂ ಆಗಿತ್ತು.

ಆ ರಾತ್ರಿ ಗುಡ್ಡದಲ್ಲಿ ಓಗೊಟ್ಟವರು ಯಾರೆಂದು ನನಗೆ ಗೊತ್ತಿಲ್ಲ. ನನ್ನ ಗಂಟಲು ಯಾಕೆ ಹರಿಯಿತೆಂಬುದೂ ತಿಳಿಯದು. ಓಗೊಡದವನು ಯಾರೆಂಬುದು ಮಾತ್ರ ಗೊತ್ತು. ತಪ್ಪಾಯಿತೆಂದು ನಾನು ಒಂದು ದಿನವೂ ಹೇಳದೆ ಹೋದದ್ದು ಅವನಿಗೆ, ಮೂಡಿಗೆರೆ ಪೇಟೆಯ ಇಬ್ರಾಹಿಮನಿಗೆ.