ಮುದ್ದಮ್ಮನ ಸೋಬಾನೆಯೂ ವಿಂಡೋಸ್ ತೊಂಬತ್ತೆಂಟೂ

ನಂಜನಗೂಡಿನ ಕೋರ್ಟಿನ ಎದುರು ಶಿವಸ್ವಾಮಿಯ ಟೈಪಿಂಗ್ ಅಂಗಡಿ. ಅಲ್ಲಿ ಹಳೆಯ ಕಂಪ್ಯೂಟರೊಂದು ವಿಂಡೋಸ್ ಕೆಟ್ಟು ಮೂಲೆ ಸೇರಿ ನಾಲ್ಕು ವರ್ಷವಾಗಿತ್ತು. ಗುಜರಿಗೆ ಹಾಕು ಎಂದವರಿಗೆಲ್ಲ ಆತ ಹೂಂ ಅನ್ನುತ್ತಿದ್ದ, ಹಾಕುತ್ತಿರಲಿಲ್ಲ. 2010ರಲ್ಲಿ ಒಂದು ದಿನ ಹೆಡತಲೆಯ ಮಾನಸ ಬಂದು ನಿಂತಳು.

“ಮಾವ, ನಮ್ಮಜ್ಜಿ ಯೋಳಿದ್ ಸೋಬಾನೆ ಪದ ನಿಮ್ಮತ್ರ ಅವಂತಲ್ಲ. ನಾಡಿದ್ದು ನನ್ ಮದ್ವೆ ಚಪ್ಪರ. ಆ ಪದ ಬರೋರು ಊರಲ್ಲಿ ಯಾರೂ ಉಳ್ದಿಲ್ಲ.”

ಅವಳ ಅಜ್ಜಿ ಮುದ್ದಮ್ಮ ತೀರಿಕೊಂಡು ಎರಡು ವರ್ಷ. 1999ರಲ್ಲಿ, ಆ ಕಂಪ್ಯೂಟರು ಹೊಸದಿದ್ದಾಗ, ಮುದ್ದಮ್ಮ ಶನಿವಾರ ಶನಿವಾರ ಬಸ್ಸಿಳಿದು ಬಂದು, ಎಲೆಅಡಿಕೆ ಮೆಲ್ಲುತ್ತ ಪದ ಹೇಳುತ್ತಿದ್ದರು. ಶಿವಸ್ವಾಮಿ ಟೈಪ್ ಮಾಡುತ್ತಿದ್ದ. ಪುಸ್ತಕ ಮಾಡುವ ಮಾತು ಇವತ್ತು ನಾಳೆ ಎನ್ನುತ್ತಲೇ ನಿಂತುಹೋಯಿತು. ಅದಕ್ಕೆ ಅವನಿಗೆ ತನ್ನ ಮೇಲೇ ಸಿಟ್ಟಿತ್ತು.

ಪದಗಳು ಸಿ.ಡಿ.ಯಲ್ಲೇನೋ ಇದ್ದವು. ಆದರೆ ಹೊಸ ಕಂಪ್ಯೂಟರಿನಲ್ಲಿ ಆ ಕಾಲದ ಕನ್ನಡ ಅಕ್ಷರಗಳು ಬರೀ ಸೊಟ್ಟ ಗೀಟುಗಳಾಗಿ ಕಂಡವು. ಹಳೆಯದಕ್ಕೆ ಮತ್ತೆ ವಿಂಡೋಸ್ ತೊಂಬತ್ತೆಂಟನ್ನೇ ಹಾಕಬೇಕು, ಬೇರೆ ದಾರಿಯಿಲ್ಲ. ಹಾಕಲು ಕೂತ. ಅರ್ಧಕ್ಕೆ ಬಂದು ಅದು ಇಪ್ಪತ್ತೈದು ಅಕ್ಷರದ ಕೀ ಕೇಳಿತು. ಕೀ ಇದ್ದದ್ದು ಕಂಪ್ಯೂಟರಿನ ಡಬ್ಬದ ಪಕ್ಕಕ್ಕೆ ಅಂಟಿಸಿದ್ದ ಚೀಟಿಯಲ್ಲಿ. ಪುಣ್ಯಾತ್ಮ ಪ್ರತಿ ಆಯುಧಪೂಜೆಗೂ ಆ ಚೀಟಿಯ ಮೇಲೇ ವಿಭೂತಿ ಬಳಿದು, ಕುಂಕುಮವಿಟ್ಟು, ಮಾರನೆಯ ದಿನ ಒದ್ದೆ ಬಟ್ಟೆಯಲ್ಲಿ ಭಕ್ತಿಯಿಂದ ಉಜ್ಜಿದ್ದ. ಈಗ ಅಲ್ಲಿ ಒಂದು ಅಕ್ಷರವೂ ಇರಲಿಲ್ಲ.

ಆಗ ಅವನ ಜೊತೆಯಲ್ಲೇ ಅಂಥದೇ ಕಂಪ್ಯೂಟರು ತಂದಿದ್ದವಳು ಬದನವಾಳಿನ ಯಶೋಧರಾ. ಈಗ ತಿ. ನರಸೀಪುರದಲ್ಲಿ ಟೈಪಿಂಗ್ ಕಲಿಸುತ್ತಿದ್ದಳು. ಬೌದ್ಧರ ಮನೆಯವಳು. ಫೋನ್ ಮಾಡಿ ಸಂಕೋಚದಿಂದಲೇ ವಿಷಯ ಹೇಳಿದ.

“ನಮ್ದುಕ್ಕೆ ಪೂಜೆಗೀಜೆ ಇಲ್ಲ ಕಣಣ್ಣ, ಚೀಟಿ ನೆಟ್ಟಗದೆ,” ಎಂದು ನಕ್ಕಳು. “ನಿಧಾನಕ್ಕೆ ಓದ್ತೀನಿ, ಬರ್ಕೊಳಿ.”

ಸಂಜೆಯ ಹೊತ್ತಿಗೆ ಪರದೆಯ ಮೇಲೆ ಮುದ್ದಮ್ಮನ ಪದಗಳು ಎದ್ದು ಬಂದವು. ಪ್ರಿಂಟು ಬರುತ್ತಿದ್ದಂತೆ ಮಾನಸ ಒಂದೊಂದೇ ಹಾಳೆ ಎತ್ತಿಕೊಂಡು ಓದುತ್ತಿದ್ದಳು. ಎಂಟನೆಯ ಪದದ ಕೊನೆಯಲ್ಲಿ ನಿಂತುಬಿಟ್ಟಳು. ಶಿವಸ್ವಾಮಿ ಬಗ್ಗಿ ನೋಡಿ ನಾಲಿಗೆ ಕಚ್ಚಿಕೊಂಡ. ಕೋರ್ಟಿನ ಸಾಕ್ಷಿ ಹೇಳಿಕೆ ಟೈಪ್ ಮಾಡಿದ ಕೈ. ಕಿವಿಗೆ ಬಿದ್ದದ್ದನ್ನೆಲ್ಲ ಬಡಿದುಬಿಟ್ಟಿತ್ತು.

“ಅದು ಪದ ಅಲ್ಲ ಕಣವ್ವ, ಅಳಿಸ್ಕೊಡ್ತೀನಿ.”

ಮಾನಸ ಹಾಳೆಯನ್ನು ಎದೆಗವಚಿಕೊಂಡಳು, ಕೊಡಲಿಲ್ಲ. ಅದರಲ್ಲಿ ಹೀಗಿತ್ತು: “ಸಾಕು ಬುಡಪ್ಪ ಇವತ್ತಿಗೆ. ಶನಿವಾರ, ಅರ್ಧ ದಿನಕ್ಕೇ ಸ್ಕೂಲ್ ಬುಡ್ತಾರೆ. ನಮ್ ಮಾನಸ ಬಂದು ಬಾಗ್ಲಲ್ಲಿ ಕೂತಿರ್ತದೆ. ನಾನು ಓಯ್ತೀನಿ.”